ಮೊದಲ ಏಟು ಒಳಗಿನವರಿಗೇ

1985ರ ಫೆಬ್ರುವರಿಯಲ್ಲಿ ಕೆನಡಾದ ವ್ಯಾಂಕೂವರ್‌ನ ವಕೀಲ ಉಜ್ಜಲ್ ದೊಸಾಂಝ್ ಅವರ ತಲೆಗೆ ಕಬ್ಬಿಣದ ಸರಳಿನ ಏಟು ಬಿತ್ತು. ಗಾಯಕ್ಕೆ 80ಕ್ಕೂ ಹೆಚ್ಚು ಹೊಲಿಗೆ. ಸಿಖ್ಖರಾಗಿದ್ದೂ, ಪ್ರತ್ಯೇಕ ಸಿಖ್ ದೇಶ ಕೇಳುವ ಖಾಲಿಸ್ತಾನಿಗಳ ಹಿಂಸೆಯನ್ನು ಬಹಿರಂಗವಾಗಿ ಖಂಡಿಸಿದ್ದೇ ಅವರು ಮಾಡಿದ ತಪ್ಪು.

ಅದಾಗಿ ನಾಲ್ಕೇ ತಿಂಗಳು. ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡ್ ತೀರದಾಚೆ ಆಕಾಶದಲ್ಲೇ ಖಾಲಿಸ್ತಾನಿಗಳ ಬಾಂಬಿಗೆ ಸಿಡಿದು 329 ಮಂದಿ ಸತ್ತರು. ಅದೇ ದಿನ ಜಪಾನಿನ ನರಿತಾ ನಿಲ್ದಾಣದಲ್ಲಿ ಇನ್ನೊಂದು ಸೂಟ್‌ಕೇಸ್ ಬಾಂಬಿಗೆ ಇಬ್ಬರು ಕೆಲಸಗಾರರು ಬಲಿಯಾದರು. ಕನಿಷ್ಕದಲ್ಲಿದ್ದವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳೇ. ಆದರೂ ಪ್ರಧಾನಿ ಬ್ರಯನ್ ಮಲ್ರೋನಿ ಸಂತಾಪ ಹೇಳಲು ಫೋನ್ ಮಾಡಿದ್ದು ರಾಜೀವ್ ಗಾಂಧಿಯವರಿಗೆ! ಸತ್ತವರು ಯಾರೋ ಪರದೇಶಿಗಳು ಎಂಬ ಈ ಭಾವನೆಯೇ ಕೊಲೆಗಡುಕರಿಗೆ ದೊಡ್ಡ ರಕ್ಷೆಯಾಯಿತು.

ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದ್ದು, ದೆಹಲಿಯಲ್ಲಿ ಸಿಖ್ಖರ ಹತ್ಯಾಕಾಂಡ ನಡೆದದ್ದು 1984ರಲ್ಲಿ. ಆ ಗಾಯ ನಿಜ, ಆ ಸಿಟ್ಟೂ ನಿಜ. ವಿಮಾನದಲ್ಲಿದ್ದ ಮಕ್ಕಳಿಗೂ ಅದಕ್ಕೂ ಏನು ಸಂಬಂಧ?

ಕೆನಡಾದ ಬೇಹುಗಾರರು ದಾಳಿಗೆ ಮೊದಲೇ ಸಂಚಿನ ರೂವಾರಿ ತಲ್ವಿಂದರ್ ಸಿಂಗ್ ಪರಮಾರ್‌ನ ಬೆನ್ನು ಹತ್ತಿದ್ದರು. ಡಂಕನ್ ಊರಿನ ಕಾಡಿನಲ್ಲಿ ಸ್ಫೋಟದ ಸದ್ದು ಕೇಳಿಯೂ ಅದನ್ನು ಬಂದೂಕಿನ ಸದ್ದೆಂದುಕೊಂಡರು. ಫೋನ್ ಕದ್ದಾಲಿಸಿದ ನೂರಾರು ಟೇಪುಗಳನ್ನು ಆಮೇಲೆ ತಾವೇ ಅಳಿಸಿದರು. ಕೊನೆಗೆ ಶಿಕ್ಷೆಯಾದದ್ದು ಇಂದರ್‌ಜಿತ್ ಸಿಂಗ್ ರೆಯಾತ್ ಒಬ್ಬನಿಗೆ. ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗ ಈ ಎಡವಟ್ಟುಗಳನ್ನೆಲ್ಲ ಬಯಲಿಗೆಳೆಯುವ ಹೊತ್ತಿಗೆ 2010 ಬಂದಿತ್ತು.

2023ರಲ್ಲಿ ಕೆನಡಾದ ಸರ್ರೆ ನಗರದಲ್ಲಿ ಖಾಲಿಸ್ತಾನಿ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಹತ್ಯೆಯಾಯಿತು. ಇದರಲ್ಲಿ ಭಾರತದ ಕೈವಾಡವಿದೆ ಎಂದು ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಆರೋಪಿಸಿದರು, ಭಾರತ ಅಲ್ಲಗಳೆಯಿತು. ಆರೋಪ ಗಂಭೀರ, ತನಿಖೆ ಆಗಲೇಬೇಕು. ಆದರೆ 2024ರಲ್ಲಿ ಕೆನಡಾದ ಸಂಸತ್ತು ನಿಜ್ಜರ್‌ಗಾಗಿ ಎದ್ದು ನಿಂತು ಮೌನ ಆಚರಿಸಿದ್ದನ್ನು ಕನಿಷ್ಕದಲ್ಲಿ ತಮ್ಮವರನ್ನು ಕಳೆದುಕೊಂಡವರು ಹೇಗೆ ಸಹಿಸಿಕೊಳ್ಳಬೇಕು?

ಅದೇ ಸರ್ರೆಯಲ್ಲಿ ಪಂಜಾಬಿ ಪತ್ರಿಕೆಯ ಸಂಪಾದಕ ತಾರಾ ಸಿಂಗ್ ಹೇಯರ್ ಇದ್ದರು. ಉಗ್ರರ ವಿರುದ್ಧ ಬರೆದದ್ದಕ್ಕೆ 1988ರಲ್ಲಿ ಗುಂಡು ತಿಂದು ಗಾಲಿಕುರ್ಚಿ ಹಿಡಿದರು. ಬರೆಯುವುದನ್ನು ಬಿಡಲಿಲ್ಲ, ಕನಿಷ್ಕ ಪ್ರಕರಣದಲ್ಲಿ ಪೊಲೀಸರಿಗೆ ಹೇಳಿಕೆಯನ್ನೂ ಕೊಟ್ಟರು. 1998ರ ನವೆಂಬರಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಅವರನ್ನು ಕೊಂದರು. ಸಾಕ್ಷಿಯೇ ಇಲ್ಲವಾದ ಮೇಲೆ ಆ ಹೇಳಿಕೆಯೂ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2005ರಲ್ಲಿ ಕನಿಷ್ಕ ಪ್ರಕರಣದ ಇಬ್ಬರು ಪ್ರಮುಖ ಆರೋಪಿಗಳು ಖುಲಾಸೆಯಾದರು. ಹೇಯರ್ ಅವರನ್ನು ಕೊಂದದ್ದಕ್ಕೆ ಯಾರಿಗೂ ಶಿಕ್ಷೆಯಾಗಿಲ್ಲ.