ಬೋರ್ಡು ಬದಲಾದ ಹೋಟೆಲಿನಲ್ಲಿ

ಸುಮಾರು ಮೂರು ವರ್ಷಗಳ ನಂತರ ನಾವು ಆ ಹೋಟೆಲಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ ಅದೇ, ಹೊರಗಿನ ಕಾವಲಿಯ ಮೇಲೆ ಪರೋಟ ಬಡಿಯುವ ಸದ್ದೂ ಅದೇ. ಬೋರ್ಡು ಮಾತ್ರ ಬೇರೆ. ಮೊದಲು ಹಸಿರು ತಗಡಿನ ಮೇಲೆ ಅರಬಸ್ತಾನದ ಒಂದು ಊರಿನ ಹೆಸರು ಕನ್ನಡದಲ್ಲೂ ಉರ್ದುವಿನಲ್ಲೂ ಇತ್ತು, ಮೂಲೆಯಲ್ಲಿ 786 ಇತ್ತು. ಈಗ ಕೆಂಪು-ಹಳದಿ ಫ್ಲೆಕ್ಸಿನಲ್ಲಿ 'ಫುಡ್ ಕಾರ್ನರ್' ಎಂದಷ್ಟೇ ಇದೆ. ಗಲ್ಲಾದ ಮೇಲಿದ್ದ ಕಾಬಾದ ಚಿತ್ರ ಅಡುಗೆಮನೆಯ ಒಳಗೆ ಹೋಗಿದೆ. ಚಾಚಾ ಟೋಪಿ ತೆಗೆದಿಟ್ಟು ಕೂತಿದ್ದರು.

ನಮ್ಮ ಜೊತೆಯಲ್ಲಿ ಗೌಡ ಮೇಷ್ಟ್ರು ಇದ್ದರು. ಕಾಲೇಜಿನ ದಿನಗಳಿಂದ ಇಬ್ಬರೂ ಅಲ್ಲಿ ಪರೋಟ-ಶೇರ್ವಾ ತಿಂದವರು. ಮೊದಲ ತುತ್ತಿಗೇ ಮೇಷ್ಟ್ರು ಹೇಳಿದರು: "ರುಚಿ ಹಂಗೇ ಐತಲ್ಲ ಚಾಚಾ!"

"ಬಾವರ್ಚಿ ಅವನೇ ಅಲ್ವಾ ಮೇಷ್ಟ್ರೇ," ಎಂದರು ಚಾಚಾ.

ಬೋರ್ಡಿನ ಬಗ್ಗೆ ಕೇಳಲು ನಮಗೆ ಬಾಯಿ ಬರಲಿಲ್ಲ. ಕಾರಣ ಗೊತ್ತಿತ್ತು. 2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ನಮ್ಮ ರಾಜ್ಯದಲ್ಲಿ ಊರೂರು ಸುತ್ತಿತು. ಅದೇ ತಿಂಗಳುಗಳಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಬ್ಯಾನರುಗಳು ಎದ್ದವು. ಚಾಚಾನ ಹೋಟೆಲಿಗೆ ಯಾರೂ ಬಂದು ಗಲಾಟೆ ಮಾಡಲಿಲ್ಲ. ಮಧ್ಯಾಹ್ನದ ಬೆಂಚುಗಳು ಖಾಲಿ ಉಳಿದವು, ಅಷ್ಟೇ. ಹಂಡೆಯಲ್ಲಿ ಶೇರ್ವಾ ಉಳಿದರೆ ಹೋಟೆಲಿನವನಿಗೆ ಕಲ್ಲೇಟು ಬೇರೆ ಬೇಕೆ?

ಈಗ ಇದನ್ನು ಮೋಸ ಎನ್ನುವವರಿದ್ದಾರೆ. ಮುಸ್ಲಿಮನೊಬ್ಬ ತನ್ನ ಗುರುತು ಮುಚ್ಚಿ ಹಿಂದೂಗಳಿಗೆ ಊಟ ಬಡಿಸುವುದು ವಂಚನೆಯಂತೆ. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಮುಝಫ್ಫರ್‌ನಗರದ ಪೊಲೀಸರು ಕಾಂವಡ್ ಯಾತ್ರೆಯ ದಾರಿಯ ಹೋಟೆಲು, ತಳ್ಳುಗಾಡಿಗಳಿಗೆಲ್ಲ ಮಾಲೀಕರ ಹೆಸರು ಬರೆಸಿದ್ದು ಇದೇ ತರ್ಕದಿಂದ. ಅದೇ ತಿಂಗಳ 22ರಂದು ಸುಪ್ರೀಂ ಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಯಾವ ಬಗೆಯ ಆಹಾರ ಸಿಗುತ್ತದೆ ಎಂದು ಬರೆಯಿಸಬಹುದು, ಮಾಲೀಕನ ಹೆಸರನ್ನು ಬಲವಂತವಾಗಿ ಬರೆಸುವಂತಿಲ್ಲ ಎಂದಿತು. ನ್ಯಾಯವಾದ ಮಾತು. ತಿನ್ನುವವನಿಗೆ ತಟ್ಟೆಯಲ್ಲಿರುವುದು ಕುರಿಯೋ ಕೋಳಿಯೋ ಸೊಪ್ಪೋ ಎಂದು ತಿಳಿಯುವ ಹಕ್ಕಿದೆ. ಸೌಟು ಹಿಡಿದವನು ಯಾರನ್ನು ಪ್ರಾರ್ಥಿಸುತ್ತಾನೆ ಎಂಬುದು ಯಾವ ಶುಚಿತ್ವದ ಲೆಕ್ಕಕ್ಕೆ ಸೇರುತ್ತದೆ? ಆಹಾರ ಸುರಕ್ಷತಾ ಕಾನೂನಿನ ಪ್ರಕಾರ ಪರವಾನಗಿ ಪತ್ರವನ್ನು ಕಾಣುವಂತೆ ತೂಗು ಹಾಕಲೇಬೇಕು. ಚಾಚಾನ ಹೋಟೆಲಿನಲ್ಲೂ ಗಲ್ಲಾದ ಹಿಂದೆ ಕಟ್ಟು ಹಾಕಿಸಿದ ಪತ್ರ ಇದೆ, ಹೆಸರೂ ಅದರಲ್ಲಿದೆ. ಓದುವವರು ಓದಲಿ. ದೊಡ್ಡ ಅಕ್ಷರದಲ್ಲಿ ಬೀದಿಗೆ ಬರೆ ಎನ್ನುವವರಿಗೆ ಓದುವ ಉದ್ದೇಶವಿಲ್ಲ. ದಾಟಿ ಹೋಗುವವರಿಗೆ ಗುರುತು ಹಾಕಿಕೊಡುವ ಉದ್ದೇಶ.

ಇನ್ನು ಬೋರ್ಡಿನಲ್ಲಿ ಯಾರು ಸತ್ಯ ಹೇಳುತ್ತಾರೆ? ಉಡುಪಿಯ ಮುಖ ನೋಡದವರೂ ಉಡುಪಿ ಹೋಟೆಲು ನಡೆಸುತ್ತಾರೆ, ನಾವು ಸಂತೋಷದಿಂದ ದೋಸೆ ತಿನ್ನುತ್ತೇವೆ. ಬ್ರಿಟನ್ನಿನ 'ಇಂಡಿಯನ್' ಹೋಟೆಲುಗಳ ಕಥೆ ಇದಕ್ಕಿಂತ ಮಜವಾಗಿದೆ. ಲಂಡನ್ನಿನಲ್ಲಿ 1810ರಲ್ಲಿ ಹಿಂದೂಸ್ತಾನಿ ಊಟದ ಹೋಟೆಲು ತೆರೆದವನು ಪಾಟ್ನಾದಲ್ಲಿ ಹುಟ್ಟಿದ ದೀನ್ ಮುಹಮ್ಮದ್. ಪಾಪ, 1812ರಲ್ಲಿ ದಿವಾಳಿಯೆದ್ದ. ಆಮೇಲಿನ ಶತಮಾನದಲ್ಲಿ ಆ ದೇಶದ ತುಂಬ ಕರಿ ಹೋಟೆಲು ತೆರೆದವರಲ್ಲಿ ಬಹುಪಾಲು ಸಿಲ್ಹೆಟ್ಟಿನ ಮುಸ್ಲಿಮರು. 1947ರಲ್ಲಿ ಅವರ ಊರು ಪಾಕಿಸ್ತಾನಕ್ಕೆ ಸೇರಿತು, 1971ರಲ್ಲಿ ಬಾಂಗ್ಲಾದೇಶವಾಯಿತು. ಬೋರ್ಡಿನ ಮೇಲೆ 'ಇಂಡಿಯನ್' ಹಾಗೆಯೇ ಉಳಿಯಿತು, ಗಿರಾಕಿಗೆ ತಿಳಿಯುವ ಹೆಸರು ಅದೇ ಆಗಿತ್ತಾದ್ದರಿಂದ. 2001ರಲ್ಲಿ ಅಲ್ಲಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ರಾಷ್ಟ್ರೀಯ ಖಾದ್ಯ ಎಂದೇ ಕರೆದರು. ಅಲ್ಲಿಯೂ ಜನಾಂಗದ್ವೇಷ ಕಡಿಮೆ ಇಲ್ಲ. ಆದರೆ 'ಇಂಡಿಯನ್' ಎಂದು ಬರೆದದ್ದಕ್ಕೆ ಸಿಲ್ಹೆಟ್ಟಿನವನನ್ನು ವಂಚಕ ಎಂದು ಯಾರೂ ಕಟಕಟೆಗೆ ನಿಲ್ಲಿಸಲಿಲ್ಲ. ಅದಿರಲಿ, 1953ರಲ್ಲಿ ಹೈದರಾಬಾದಿನಲ್ಲಿ ಕರಾಚಿ ಬೇಕರಿ ಶುರು ಮಾಡಿದವರು ದೇಶ ವಿಭಜನೆಯಲ್ಲಿ ಮನೆ ಬಿಟ್ಟು ಬಂದ ಸಿಂಧಿ ಹಿಂದೂಗಳು. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂದಿರಾನಗರದ ಅವರ ಮಳಿಗೆಯ ಮೇಲಿನ 'ಕರಾಚಿ' ಎಂಬ ಪದಕ್ಕೂ ಬಟ್ಟೆ ಹೊದಿಸಬೇಕಾಯಿತು. ಹೆಸರಿನ ಮೇಲೆ ಬಿದ್ದ ಕಣ್ಣು ಮಾಲೀಕನ ಧರ್ಮವನ್ನೂ ವಿಚಾರಿಸಲಿಲ್ಲ!

ಇಷ್ಟು ಹೇಳಿ ಸುಮ್ಮನಾದರೆ ನಮ್ಮವರಿಗೆ ಸಂತೋಷವಾಗುತ್ತದೆ. ಆದರೆ ಚಾಚಾನಿಗೆ ಹೆಚ್ಚು ನೋವು ಕೊಟ್ಟದ್ದು ನಮ್ಮವರೇ. ಬೋರ್ಡು ಇಳಿಸಿದ ವಾರ ಮಸೀದಿಯ ಮೆಟ್ಟಿಲ ಮೇಲೆ ಒಬ್ಬರು, "ಬುಡ್ಢಾ ಎರಡು ಪ್ಲೇಟ್ ಶೇರ್ವಾಕ್ಕೆ ಈಮಾನ್ ಮಾರಿಕೊಂಡ" ಎಂದರಂತೆ. ಹೇಳಿದವರಿಗೆ ಸರಕಾರಿ ಸಂಬಳ ಇದೆ. ಅವರ ಬಾಗಿಲಿಗೆ ಗಿರಾಕಿ ಬರಬೇಕಾದ ಅಗತ್ಯವಿಲ್ಲ. 786 ಅಳಿಸಿದರೆ ಈಮಾನ್ ಹೋಗುತ್ತದೆಂದು ಯಾವ ಕಿತಾಬಿನಲ್ಲಿದೆ? ಚಾಚಾ ಈಗಲೂ ಐದು ಹೊತ್ತಿನ ನಮಾಝ್ ಬಿಡುವುದಿಲ್ಲ. ಕುರಿ ಕೊಯ್ಯುವಾಗ ಹೇಳುವ ಬಿಸ್ಮಿಲ್ಲಾ ಕೂಡ ಬದಲಾಗಿಲ್ಲ.

ಬೆಂಚು ಖಾಲಿಯಾದಾಗ ನಾವು ಎಲ್ಲಿದ್ದೆವು? ಕಥೆ ಬರೆಯುವವರು, ಭಾಷಣ ಮಾಡುವವರು, ಸೌಹಾರ್ದ ಸಭೆಗಳಲ್ಲಿ ಬಿರಿಯಾನಿಯ ಉದಾಹರಣೆ ಕೊಡುವವರು? ಹೈವೇ ಬದಿಯಲ್ಲಿ ಹೊಸದಾಗಿ ಎದ್ದ ಮಂದಿ ಹೋಟೆಲುಗಳಲ್ಲಿ, ನೆಲದ ಮೇಲೆ ಕೂತು, ದೊಡ್ಡ ತಟ್ಟೆಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಅಲ್ಲಿ ಒಂದು ತಟ್ಟೆಗೆ ಕೊಡುವ ದುಡ್ಡಿನಲ್ಲಿ ಚಾಚಾನ ಬಳಿ ಇಡೀ ಮನೆ ಊಟ ಮಾಡಬಹುದಿತ್ತು. ಗೌಡ ಮೇಷ್ಟ್ರು ಮಾತ್ರ ಆ ವರ್ಷವಿಡೀ ಪ್ರತಿ ಶನಿವಾರ ಬಂದು ಹೋಗಿದ್ದರಂತೆ. ಇದನ್ನು ಅವರು ಹೇಳಲಿಲ್ಲ, ಬಿಲ್ಲು ಕೊಡುವಾಗ ಚಾಚಾನೇ ಹೇಳಿದರು. ನಮಗೆ ತಲೆ ಎತ್ತಲಾಗಲಿಲ್ಲ.

ಈಮಾನಿನ ಲೆಕ್ಕ ಕೇಳುವವರು ಬರುವ ಶುಕ್ರವಾರ ಜುಮಾ ಮುಗಿಸಿ ನೇರ ಆ ಓಣಿಗೆ ಬರಲಿ. ತಲೆಗೆ ಎರಡು ಪರೋಟ, ಒಂದು ಪ್ಲೇಟ್ ಶೇರ್ವಾ ತಿಂದು, ಸಾಲ ಹೇಳದೆ ಬಿಲ್ಲು ಕೊಡಲಿ. ಹೀಗೆ ಒಂದು ವರ್ಷ ಬಂದ ಮೇಲೆ ಹಳೆಯ ಬೋರ್ಡಿನ ವಿಷಯ ಎತ್ತಲಿ. ತಗಡು ಇನ್ನೂ ಇದೆ, ಸೌದೆ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದಾರೆ.