ಕ್ಯಾನಿನಲ್ಲಿರುವುದು ಶಕ್ತಿಯಲ್ಲ

ಪರೀಕ್ಷೆಯ ಹೊತ್ತಿಗೆ ಎನರ್ಜಿ ಡ್ರಿಂಕ್ ಕುಡಿದು ರಾತ್ರಿಯಿಡೀ ಓದುವುದರಲ್ಲಿ ತಪ್ಪಿಲ್ಲ, ಅದು ಮಿದುಳಿಗೆ ಶಕ್ತಿ ಕೊಡುತ್ತದೆ ಎಂದು ಕಳೆದ ವಾರದ ಲೇಖನವೊಂದು ವಾದಿಸಿದೆ. ಈ ಮಾತು ಪೂರ್ತಿ ತಪ್ಪು.

ಈ ಪಾನೀಯದಲ್ಲಿರುವ ಕೆಫೀನ್ ಶಕ್ತಿ ಕೊಡುವುದಿಲ್ಲ, ದಣಿವು ತಿಳಿಯದಂತೆ ಮಾಡುತ್ತದೆ ಅಷ್ಟೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗುತ್ತದೆ. ಅದು ನರಕೋಶಗಳ ಗ್ರಾಹಕಗಳನ್ನು ಹಿಡಿದುಕೊಂಡಾಗ ಕಣ್ಣು ಎಳೆಯುತ್ತದೆ. ಕೆಫೀನ್ ಆ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಅಡೆನೋಸಿನ್ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಕೆಫೀನಿನ ಪ್ರಭಾವ ಇಳಿದಾಗ ತಡೆದಿಟ್ಟ ಆಯಾಸ ಮೇಲೆರಗುತ್ತದೆ.

ಆರೋಗ್ಯವಂತ ವಯಸ್ಕರಲ್ಲೂ ಕುಡಿದ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು 5 ಗಂಟೆ ಬೇಕು. ರಾತ್ರಿ 10ಕ್ಕೆ ಕುಡಿದರೆ ಬೆಳಗಿನ ಜಾವ 3ಕ್ಕೂ ಅರ್ಧ ಉಳಿದಿರುತ್ತದೆ. ಹಾಸಿಗೆಗೆ ಬಿದ್ದರೂ ಎದೆ ಡವಡವ ಎನ್ನುತ್ತದೆ, ಬೆರಳು ನಡುಗುತ್ತವೆ, ಗಾಢ ನಿದ್ದೆ ಹತ್ತುವುದಿಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ಆ ನಿದ್ದೆಯೇ ಬೇಕು.

‘ಮನೆಯ ಕಾಫಿಗಿಂತ ಇದೇನು ಬೇರೆ?’ ಎಂದು ಲೇಖಕರು ಕೇಳಿದ್ದಾರೆ. ಬಿಸಿ ಕಾಫಿಯನ್ನು ನಿಧಾನವಾಗಿ ಗುಟುಕರಿಸುತ್ತೇವೆ. ತಣ್ಣಗಿನ ಸಿಹಿ ಪಾನೀಯ ಗಟಗಟನೆ ಇಳಿಯುತ್ತದೆ, ಒಂದಾದ ಮೇಲೆ ಇನ್ನೊಂದು ಬೇಕೆನಿಸುತ್ತದೆ. 250 ಮಿ.ಲೀ.ಯ ಒಂದು ಕ್ಯಾನಿನಲ್ಲಿ ಸಾಮಾನ್ಯವಾಗಿ 75 ಮಿ.ಗ್ರಾಂ.ನಷ್ಟು ಕೆಫೀನ್ ಇರುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಇದು ತಕ್ಕದ್ದಲ್ಲ ಎಂಬ ಎಚ್ಚರಿಕೆ ಕ್ಯಾನಿನ ಮೇಲೇ ಅಚ್ಚಾಗಿದೆ. ತಯಾರಕರೇ ಒಪ್ಪಿ ಬರೆದಿರುವುದನ್ನು ಲೇಖಕರು ಮರೆಮಾಚಬಾರದಿತ್ತು.

ಪೋಷಕರಲ್ಲಿ ಒಂದೇ ವಿನಂತಿ: ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳ ಕೈಗೆ ಕ್ಯಾನ್ ಕೊಡಬೇಡಿ, ಹೊತ್ತಿಗೆ ಸರಿಯಾಗಿ ಮಲಗಿಸಿ.