ಕಲ್ಲನ್ನು ಕಾಯುವವರು ಕಲ್ಲನ್ನು ಓದಬೇಡವೇ?

ವಸ್ತುಸಂಗ್ರಹಾಲಯಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಷ್ಟು ಹಿಂದೆಯೇ ಅದಕ್ಕೊಂದು ವಿಭಾಗ ತೆರೆಯಿತು. ಕಲ್ಕತ್ತಾ, ಬನಾರಸ್ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. 1989ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ ಕಲಾ ಇತಿಹಾಸ, ಸಂರಕ್ಷಣೆ, ವಸ್ತುಸಂಗ್ರಹಾಲಯಶಾಸ್ತ್ರ ಈ ಮೂರಕ್ಕೂ ಮೀಸಲಾದ ಸಂಸ್ಥೆಯೊಂದು ಹುಟ್ಟಿತು. ನಮ್ಮ ಮುಂಬಯಿಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವೂ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತ ಬಂದಿದೆ. ಹೊರನಾಡ ಕನ್ನಡಿಗರ ಮನೆಗಳ ಮಕ್ಕಳೂ ಎಂಜಿನಿಯರಿಂಗ್, ವಾಣಿಜ್ಯಗಳ ಹೆದ್ದಾರಿ ಬಿಟ್ಟು ಈ ಓದಿನತ್ತ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಅದು ನಮಗೆ ಸಂತೋಷದ ಸಂಗತಿಯೇ.

ಆದರೆ ಈ ಓದಿನ ಬಗ್ಗೆ ನಮ್ಮದೊಂದು ಕಟುವಾದ ಆಕ್ಷೇಪವಿದೆ. ನೂರು ವರ್ಷಕ್ಕಿಂತ ಹಳೆಯದಾದ ಯಾವುದೇ ಭಾರತೀಯ ಬರಹದ ಒಂದು ಸಾಲನ್ನೂ ಸ್ವತಃ ಓದದೆ, ಈ ಶಾಸ್ತ್ರದಲ್ಲಿ ಉನ್ನತ ಶ್ರೇಣಿಯ ಪದವಿ ಪಡೆಯಲು ಇಂದು ಸಾಧ್ಯವಿದೆ. ಗಾಜಿನ ಪೆಟ್ಟಿಗೆಯೊಳಗಿನ ತೇವಾಂಶ ಎಷ್ಟಿರಬೇಕು, ಬೆಳಕು ಯಾವ ಕೋನದಿಂದ ಬೀಳಬೇಕು, ಸಾಗಾಟದ ವಿಮೆ ಹೇಗೆ, ಸಂದರ್ಶಕರ ಸಮೀಕ್ಷೆ ಹೇಗೆ ಎಂಬುದನ್ನೆಲ್ಲ ವಿದ್ಯಾರ್ಥಿ ಕಲಿಯುತ್ತಾನೆ. ಕಲಿಯಬೇಕಾದದ್ದೇ. ಲಿಪಿಶಾಸ್ತ್ರ, ನಾಣ್ಯಶಾಸ್ತ್ರಗಳ ಪರಿಚಯಕ್ಕೆ ಒಂದೆರಡು ಅಧ್ಯಾಯಗಳೂ ಇದ್ದಾವು. ಆದರೆ ಪರಿಚಯವೇ ಬೇರೆ, ಓದೇ ಬೇರೆ. ತನ್ನ ವಶದಲ್ಲಿರುವ ವಸ್ತು ಏನು ಹೇಳುತ್ತಿದೆ ಎಂಬುದನ್ನು ಅರಿಯದವನು ಉಗ್ರಾಣದ ಪಾರುಪತ್ಯ ನೋಡಬಲ್ಲ. ಅವನನ್ನು ಕ್ಯುರೇಟರ್ ಎಂದು ಕರೆಯಲು ನಾವು ಒಪ್ಪುವುದಿಲ್ಲ.

ಒಂದು ಕಲ್ಲಿನ ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಹತ್ತನೆಯ ಶತಮಾನದ ಶಿಲೆಯೊಂದಿದೆ. ಅದರ ಮೇಲೆ ಒಂದು ನಾಯಿ ಮತ್ತು ಒಂದು ಹಂದಿ ಸೆಣಸುತ್ತಿವೆ, ಸುತ್ತ ಅಕ್ಷರಗಳಿವೆ. ಕನ್ನಡ ಬಾರದ ಕಣ್ಣಿಗೆ ಅದು ಬೇಟೆಯ ದೃಶ್ಯ. ‘ಬೇಟೆನಾಯಿ ಮತ್ತು ಕಾಡುಹಂದಿ, ಶಿಲೆ, ಹತ್ತನೆಯ ಶತಮಾನ’ ಎಂದು ಫಲಕ ಬರೆದು ಕೈತೊಳೆದುಕೊಳ್ಳಬಹುದು. ಅದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ.

ಅಕ್ಷರಗಳನ್ನು ಓದಿದರೆ ತೆರೆಯುವುದು ಬೇರೆಯೇ ಲೋಕ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರ ರಾಜಾದಿತ್ಯನನ್ನು ತಕ್ಕೋಲದಲ್ಲಿ ಎದುರಿಸಿದ ಯುದ್ಧ, ಅದರಲ್ಲಿ ಗಂಗರ ಬೂತುಗನ ಪಾತ್ರ, ಬೂತುಗನ ಆಳು ಮಣಲೆರನ ಪರಾಕ್ರಮ ಎಲ್ಲವೂ ಅಲ್ಲಿವೆ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಮುಂದೊಮ್ಮೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಇಷ್ಟಕ್ಕೇ ಶಾಸನ ಮುಗಿಯುವುದಿಲ್ಲ. ಆ ಸ್ಥಳವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಎಚ್ಚರಿಸುತ್ತದೆ.

ಓದುಗರು ಈ ಕಡೆಯ ಮಾತನ್ನು ಗಮನಿಸಬೇಕು. ಕಲ್ಲನ್ನು ನಿಲ್ಲಿಸಿದವರು ಅದರ ಪಾಲನೆಯ ವ್ಯವಸ್ಥೆಯನ್ನೂ ಕಲ್ಲಿನಲ್ಲಿಯೇ ಬರೆದರು: ಯಾರು ನೋಡಿಕೊಳ್ಳಬೇಕು, ಯಾವ ಆದಾಯದಿಂದ, ತಪ್ಪಿದರೆ ಏನು. ಸಾವಿರ ವರ್ಷಗಳ ಹಿಂದಿನ ಕನ್ನಡದಲ್ಲಿ ಪರಂಪರೆಯ ರಕ್ಷಣೆಯ ಪಾಠವೊಂದು ಕೆತ್ತಿ ಕುಳಿತಿದೆ. ಅದೇ ಪಾಠವನ್ನು ಪರದೇಶದ ಪಠ್ಯಪುಸ್ತಕಗಳಿಂದ ಕಲಿಯುವ ನಮ್ಮ ವಿದ್ಯಾರ್ಥಿ ಈ ಕಲ್ಲಿನ ಮುಂದೆ ನಿಂತಾಗ ಅವನಿಗೆ ಕಾಣುವುದು ನಾಯಿ ಮತ್ತು ಹಂದಿ.

ಹೊರನಾಡಿನ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಕನ್ನಡ ನಾಡಿನ ವಸ್ತುಗಳು ಕನ್ನಡ ನಾಡಿನಲ್ಲಿಯೇ ಉಳಿದಿಲ್ಲ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಚಪ್ಪಡಿಗಳು ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿವೆ. ಅದೇ ಐಹೊಳೆಯ ಹಾರುವ ಗಂಧರ್ವರು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾರೆ. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳು ಚೆನ್ನೈನ ಹಸ್ತಪ್ರತಿ ಭಂಡಾರ ಸೇರಿವೆ. ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಬಿದರಿ ಕೆಲಸದ ಹೂಜಿ, ಹುಕ್ಕಾಗಳ ಸಾಲೇ ಇದೆ. ಇವನ್ನೆಲ್ಲ ತಮ್ಮೂರಿಗೆ ಹಿಂದಿರುಗಿಸಿ ಎಂದು ನಾವು ಇಲ್ಲಿ ಕೂಗುತ್ತಿಲ್ಲ. ಅವು ಇರುವಲ್ಲಿ ಅವನ್ನು ಓದಬಲ್ಲವರು ಇದ್ದಾರೆಯೇ ಎಂದಷ್ಟೇ ಕೇಳುತ್ತಿದ್ದೇವೆ.

ಓದಬಲ್ಲವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಐಹೊಳೆಯೇ ಸಾಕ್ಷಿ. ಅಲ್ಲಿನ ಪ್ರಸಿದ್ಧ ಗಜಪೃಷ್ಠಾಕಾರದ ದೇವಾಲಯಕ್ಕೆ ಜನ ಇಟ್ಟ ಹೆಸರು ದುರ್ಗದ ಗುಡಿ. ದುರ್ಗವೆಂದರೆ ಕೋಟೆ, ಕೋಟೆಯ ಬಳಿಯ ಗುಡಿ. ಅದು ಇಂಗ್ಲಿಷಿನ ಪುಸ್ತಕಗಳಲ್ಲಿ ‘ದುರ್ಗಾ ಟೆಂಪಲ್’ ಆಯಿತು. ಓದಿದವರು ಅದನ್ನು ದೇವಿಯ ಗುಡಿ ಎಂದುಕೊಂಡರು. ಒಂದು ವಿಭಕ್ತಿ ಪ್ರತ್ಯಯ ಬಿದ್ದುಹೋದದ್ದಕ್ಕೆ ಒಂದು ಗುಡಿಯ ದೈವವೇ ಬದಲಾಯಿತು. ಇಂದಿಗೂ ಪ್ರವಾಸಿಗರು ಅಲ್ಲಿ ದೇವಿಯನ್ನು ಹುಡುಕುತ್ತಾರೆ.

ನಮ್ಮ ಬಳಗದ ಮನೆಯೊಂದರ ಹುಡುಗಿ ಇಂಥದೊಂದು ಸ್ನಾತಕೋತ್ತರ ತರಗತಿಗೆ ಸೇರಿದಳು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಓದಲು ಬಾರದ ಮಗು ಅವಳು. ನಮ್ಮ ನಗರಗಳಲ್ಲಿ ಅಂಥವರೇ ಹೆಚ್ಚು. ಅಭ್ಯಾಸಕ್ಕೆಂದು ಅವಳಿಗೆ ಕೊಟ್ಟದ್ದು ಅಕ್ಷರಗಳಿದ್ದ ಒಂದು ವೀರಗಲ್ಲು. ಅಳತೆ, ಶಿಲೆಯ ಜಾತಿ, ಬಿರುಕುಗಳ ಸ್ಥಿತಿ ಎಲ್ಲವನ್ನೂ ಅಚ್ಚುಕಟ್ಟಾಗಿ ದಾಖಲಿಸಿ, ಬರಹದ ಕಾಲಂನಲ್ಲಿ ‘ದಕ್ಷಿಣ ಭಾರತದ ಲಿಪಿ’ ಎಂದು ಬರೆದಳು. ಪೂರ್ಣ ಅಂಕ ಬಂತು. ಅದು ಕನ್ನಡವೆಂದು ಅವಳಿಗೆ ತಿಳಿದದ್ದು ಚಿತ್ರ ನೋಡಿದ ಅಜ್ಜಿಯಿಂದ. ಹುಡುಗಿಯ ಮೇಲೆ ನಮಗೆ ಯಾವ ದೂರೂ ಇಲ್ಲ. ಪೂರ್ಣ ಅಂಕ ಕೊಟ್ಟ ವ್ಯವಸ್ಥೆಯ ಮೇಲಿದೆ.

ನಮ್ಮ ಮಾತಿಗೆ ಬರುವ ಉತ್ತರಗಳು ನಮಗೆ ಗೊತ್ತು. ಮೊದಲನೆಯದು, ವಸ್ತುಸಂಗ್ರಹಾಲಯಶಾಸ್ತ್ರ ಒಂದು ಸಾರ್ವತ್ರಿಕ ವಿಜ್ಞಾನ. ಕಲ್ಲನ್ನು ತಿನ್ನುವ ಲವಣಕ್ಕೆ, ತಾಳೆಗರಿಯನ್ನು ತಿನ್ನುವ ಹುಳುವಿಗೆ ಭಾಷೆಯಿಲ್ಲ ಎಂಬುದು. ಸಂರಕ್ಷಣೆಯ ಮಟ್ಟಿಗೆ ಈ ಮಾತು ನಿಜ. ಆದರೆ ಕ್ಯುರೇಟರನ ಕೆಲಸ ಹುಳು ತಡೆಯುವಲ್ಲಿಗೆ ಮುಗಿಯುವುದಿಲ್ಲ. ಯಾವುದನ್ನು ಹೊರಗಿಡಬೇಕು, ಯಾವುದರ ಪಕ್ಕದಲ್ಲಿ ಇಡಬೇಕು, ಜನರಿಗೆ ಏನೆಂದು ಹೇಳಬೇಕು ಎಂಬ ತೀರ್ಮಾನ ಅವನದು. ಲಿಪಿಗೂ ಭಾಷೆಗೂ ಇರುವ ವ್ಯತ್ಯಾಸ ತಿಳಿಯದವನಿಗೆ ಮೂಡುಬಿದಿರೆಯ ಧವಲಾ ಗ್ರಂಥದ ಓಲೆಗಳನ್ನು ಕೊಟ್ಟು ನೋಡಿ. ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ. ಅವನು ಅದನ್ನು ಯಾವ ಕಪಾಟಿನಲ್ಲಿಡುತ್ತಾನೆ?

ಎರಡನೆಯದು, ಎಲ್ಲವೂ ಅನುವಾದವಾಗಿದೆ, ಪುಸ್ತಕ ತೆರೆದರೆ ಸಾಕು ಎಂಬುದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಹತ್ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಅದೇ ಕೃತಿಯನ್ನು 1970ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯ ಪರಿಷ್ಕರಿಸಿ ಮತ್ತೆ ಪ್ರಕಟಿಸಬೇಕಾಯಿತು. ಪಾಠಗಳನ್ನು ತಿದ್ದುವ ಕೆಲಸ ಎಂದೂ ಮುಗಿಯುವುದಿಲ್ಲ. ತಿದ್ದಬಲ್ಲವರು ಬೇಕು ಎಂಬುದೇ ನಮ್ಮ ವಾದ. 1936ರಲ್ಲಿ ಹಲ್ಮಿಡಿಯ ಕಲ್ಲು ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದಾಗ ಅದಕ್ಕೆ ಅನುವಾದ ಇರಲಿಲ್ಲ. ಅವರು ಓದಬಲ್ಲವರಾಗಿದ್ದರಿಂದ ಅದು ಹಲ್ಮಿಡಿ ಶಾಸನವಾಯಿತು. ಇಲ್ಲವಾದರೆ ಊರಿನ ಒಂದು ಕಲ್ಲಾಗಿಯೇ ಉಳಿಯುತ್ತಿತ್ತು.

ಮೂರನೆಯದು, ಹತ್ತು ಭಾಷೆಗಳ ವಸ್ತುಗಳಿರುವ ಸಂಗ್ರಹಾಲಯದಲ್ಲಿ ಒಬ್ಬ ಎಷ್ಟು ಭಾಷೆ ಕಲಿಯಬೇಕು ಎಂಬುದು. ಒಂದು ಕಲಿಯಲಿ. ಒಂದನ್ನು ಆಳವಾಗಿ ಕಲಿತವನಿಗೆ ಉಳಿದ ಒಂಬತ್ತರ ಮುಂದೆ ವಿನಯ ಬರುತ್ತದೆ. ಯಾರನ್ನು ಕೇಳಬೇಕೆಂಬುದು ತಿಳಿಯುತ್ತದೆ. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಅದನ್ನು ಅರಿತೇ ಅವನು ಕಾವಲಿ ಬೋರಯ್ಯ, ಲಕ್ಷ್ಮಯ್ಯ ಸೋದರರಂಥ ವಿದ್ವಾಂಸರನ್ನು ಜೊತೆಗಿಟ್ಟುಕೊಂಡ. ದಂಡಿನ ಎಂಜಿನಿಯರನೊಬ್ಬ ಇನ್ನೂರು ವರ್ಷಗಳ ಹಿಂದೆ ಅರಿತ ಮಾತನ್ನು ಇಂದಿನ ಪಠ್ಯಕ್ರಮ ಸಮಿತಿಗಳು ಅರಿಯಲಾರವೆ?

ನಾಲ್ಕನೆಯದು, ಇದು ಭಾಷಾಭಿಮಾನದ ಹಳೆಯ ರಾಗ ಎಂಬ ಆರೋಪ. ನಾವು ಕನ್ನಡಕ್ಕೆ ವಿಶೇಷ ಸವಲತ್ತು ಕೇಳುತ್ತಿಲ್ಲ. ಬಿದರಿಯ ಹೂಜಿಯನ್ನು ನೋಡಿಕೊಳ್ಳುವವನಿಗೆ ಕನ್ನಡವೊಂದೇ ಸಾಲದು. ಸತು, ತಾಮ್ರದ ಎರಕವನ್ನು ಕಪ್ಪಾಗಿಸಲು ಬೀದರ ಕೋಟೆಯ ಮಣ್ಣನ್ನೇ ಆರಿಸಿ, ನಾಲಿಗೆಗೆ ತಾಗಿಸಿ ಪರೀಕ್ಷಿಸುವ ಕುಶಲಕರ್ಮಿಯ ಮಾತು ದಖನಿ. ಹಾಗಿದ್ದರೆ ಆ ಕ್ಯುರೇಟರ್ ದಖನಿಯನ್ನೂ, ಸಾಧ್ಯವಾದರೆ ಪಾರಸಿಯನ್ನೂ ಕಲಿಯಬೇಕು. ಪುಣೆಯ ದಫ್ತರಗಳಿಗೆ ಮೋಡಿ ಲಿಪಿ ಬೇಕು, ತಂಜಾವೂರಿಗೆ ತಮಿಳಿನ ಗ್ರಂಥ ಲಿಪಿ ಬೇಕು. ವಸ್ತುವಿನ ಭಾಷೆ ಯಾವುದೋ ಅದು. ನಿಯಮ ಎಲ್ಲರಿಗೂ ಒಂದೇ.

ಅಕ್ಷರಗಳೇ ಇಲ್ಲದ ವಸ್ತುಗಳಿಗೂ ಈ ಮಾತು ಸಲ್ಲುತ್ತದೆ. ರಾಮನಗರದ ಜಾನಪದ ಲೋಕವನ್ನು ಕಟ್ಟಿದ ಎಚ್. ಎಲ್. ನಾಗೇಗೌಡರು ಆಡಳಿತಾಧಿಕಾರಿ. ಮಣಿಪಾಲದ ಹಸ್ತಶಿಲ್ಪವನ್ನು ಕಟ್ಟಿದ ವಿಜಯನಾಥ ಶೆಣೈ ಅವರು ಬ್ಯಾಂಕಿನಲ್ಲಿದ್ದವರು. ಈ ಶಾಸ್ತ್ರದ ಪದವಿ ಅವರನ್ನು ಅಲ್ಲಿಗೆ ಕರೆತಂದದ್ದಲ್ಲ. ಆದರೆ ವಸ್ತುಗಳ ಹೆಸರು ಅವರಿಗೆ ಗೊತ್ತಿತ್ತು. ಪಾವು, ಸೇರು, ಬಳ್ಳ, ಕೊಳಗ ಎಂದು ಸಾಲಾಗಿ ಇಟ್ಟರೆ ಅದೊಂದು ಅಳತೆಯ ವ್ಯವಸ್ಥೆ, ಒಂದು ಕಣದ ಲೆಕ್ಕ, ಒಂದು ಊರಿನ ಕೊಡುಕೊಳ್ಳುವಿಕೆ. ಅವನ್ನೇ ‘ಪಾತ್ರೆಗಳು, ನಾಲ್ಕು ಗಾತ್ರ’ ಎಂದು ಬರೆದರೆ ಅದು ಗುಜರಿ ಅಂಗಡಿಯ ಪಟ್ಟಿ. ಕೂರಿಗೆಗೂ ಕುಂಟೆಗೂ ವ್ಯತ್ಯಾಸ ಹೇಳಲಾಗದವನು ಎರಡರ ಮೇಲೂ ‘ಬೇಸಾಯದ ಉಪಕರಣ’ ಎಂದು ಬರೆಯುತ್ತಾನೆ. ಬಿತ್ತುವುದು ಯಾವುದು, ಕಳೆ ಹರಗುವುದು ಯಾವುದು ಎಂಬ ಅರಿವು ಅಲ್ಲಿಗೆ ಸಾಯುತ್ತದೆ. ಹಾಗೆಂದು ಪದವಿಯೇ ಬೇಡವೆಂದಲ್ಲ. ಅಂಥವರು ತಮ್ಮ ಬದುಕನ್ನೇ ಸವೆಸಿ ಕೂಡಿಟ್ಟದ್ದು ಅವರ ನಂತರವೂ ಉಳಿಯಬೇಕಾದರೆ ಶಾಸ್ತ್ರ ಕಲಿತ ಕೈಗಳೇ ಬೇಕು. ಆ ಕೈಗಳಿಗೆ ನಾಲಿಗೆಯೂ ಇರಲಿ ಎನ್ನುತ್ತಿದ್ದೇವೆ.

2022ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಪರಿಷತ್ತು ವಸ್ತುಸಂಗ್ರಹಾಲಯಕ್ಕೆ ಹೊಸ ವ್ಯಾಖ್ಯೆ ನೀಡಿ, ಸಮುದಾಯಗಳ ಪಾಲ್ಗೊಳ್ಳುವಿಕೆಯನ್ನು ಅದರೊಳಗೆ ಸೇರಿಸಿತು. ಸಮುದಾಯದ ಮಾತೇ ಅರ್ಥವಾಗದಿದ್ದರೆ ಪಾಲ್ಗೊಳ್ಳುವಿಕೆ ಎಂಥದ್ದು? ಅದು ಉದ್ಘಾಟನೆಯ ದಿನದ ಹೂಗುಚ್ಛದಲ್ಲಿ ಮುಗಿಯುತ್ತದೆ.

ಇಲ್ಲಿ ಕನ್ನಡ ವಿಭಾಗಗಳನ್ನೂ ಬಿಡುವಂತಿಲ್ಲ. ಕನ್ನಡ ಎಂ.ಎ. ವಿದ್ಯಾರ್ಥಿ ಪಂಪನನ್ನು ಓದುತ್ತಾನೆ, ಪಂಪನ ಕಾಲದ ಒಂದು ಕಲ್ಲನ್ನು ಮುಟ್ಟಿ ನೋಡದೆ ಹೊರಬೀಳುತ್ತಾನೆ. ವಸ್ತುಸಂಗ್ರಹಾಲಯಶಾಸ್ತ್ರದ ವಿದ್ಯಾರ್ಥಿ ಕಲ್ಲನ್ನು ಮುಟ್ಟುತ್ತಾನೆ, ಓದದೆ ಹೊರಬೀಳುತ್ತಾನೆ. ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರೇ ‘ಕರ್ನಾಟಕ ಕವಿಚರಿತೆ’ಯ ಕರ್ತೃ ಎಂಬುದನ್ನು ನೆನೆಯೋಣ. ಶಾಸನ ಓದುವುದೂ ಕವಿಗಳ ಕಾಲ ನಿರ್ಣಯಿಸುವುದೂ ಅವರಿಗೆ ಒಂದೇ ವಿದ್ಯೆಯಾಗಿತ್ತು. ಆ ಒಂದನ್ನು ಎರಡಾಗಿ ಸೀಳಿ, ಎರಡು ಕಟ್ಟಡಗಳಲ್ಲಿಟ್ಟು, ನಡುವಿನ ಬಾಗಿಲು ಹಾಕಿದವರು ನಂತರದ ವಿಶ್ವವಿದ್ಯಾಲಯಗಳು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ವಸ್ತುಸಂಗ್ರಹಾಲಯಶಾಸ್ತ್ರದ ಪ್ರತಿ ಸ್ನಾತಕೋತ್ತರ ಪದವಿಯಲ್ಲೂ ಒಂದು ಮೂಲಭಾಷೆ ಮತ್ತು ಅದರ ಹಳೆಯ ಲಿಪಿ ಕಡ್ಡಾಯವಾಗಲಿ. ವಿದ್ಯಾರ್ಥಿಗೆ ಆಯ್ಕೆಯಿರಲಿ, ವಿನಾಯಿತಿ ಬೇಡ. ಕ್ಯುರೇಟರ್ ಹುದ್ದೆಯ ಅರ್ಹತೆಯಲ್ಲಿ ಆ ಸಂಗ್ರಹದ ಒಂದು ಭಾಷೆಯ ಓದು ಸೇರಲಿ. ಕನ್ನಡದ ವಸ್ತುವಿನ ಫಲಕದಲ್ಲಿ, ಅದು ಯಾವ ನಗರದಲ್ಲೇ ಇರಲಿ, ಅದರ ಕನ್ನಡ ಹೆಸರೂ ಅಕ್ಷರಗಳಿದ್ದರೆ ಅವುಗಳ ಪಾಠವೂ ಇರಲಿ.

ಹೊರನಾಡಿನ ಕನ್ನಡ ಸಂಘಗಳ ಪಾಲಿಗೂ ಕೆಲಸವಿದೆ. ಕನ್ನಡ ಸಾಹಿತ್ಯ ಪರಿಷತ್ತು ಬೆಂಗಳೂರಿನಲ್ಲಿ ಶಾಸನಶಾಸ್ತ್ರದ ತರಗತಿಗಳನ್ನು ನಡೆಸುತ್ತ ಬಂದಿದೆ. ಅಂಥ ತರಗತಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ವಾರಕ್ಕೊಂದು ಸಂಜೆ ನಡೆಯಲು ಬೇಕಾದದ್ದು ಒಂದು ಕೋಣೆ, ಒಬ್ಬ ಗುರು, ಹತ್ತು ಕುರ್ಚಿ. ರಾಜ್ಯೋತ್ಸವದ ಶಾಲು, ಹಾರ, ಫಲತಾಂಬೂಲಗಳ ಖರ್ಚಿನಲ್ಲಿ ಒಂದು ಪಾಲು ಅದಕ್ಕೆ ಸಲ್ಲಲಿ. ನಮ್ಮ ಮಕ್ಕಳು ತಮ್ಮ ನಗರದ ವಸ್ತುಸಂಗ್ರಹಾಲಯಕ್ಕೆ ಹೋಗಿ, ನಮ್ಮ ಸಂಗ್ರಹದಲ್ಲಿರುವ ಈ ಬರಹವನ್ನು ನಾವು ಓದಬಲ್ಲೆವು, ಓದಿ ಕೊಡಲೇ ಎಂದು ಕೇಳುವಂತಾಗಲಿ. ಬೇಡವೆನ್ನುವ ಧೈರ್ಯ ಯಾವ ಸಂಗ್ರಹಾಲಯಕ್ಕೂ ಇರಲಾರದು.

ಪದವಿ ಪ್ರದಾನಕ್ಕೆ ಮುನ್ನ ಪ್ರತಿ ಅಭ್ಯರ್ಥಿಯನ್ನೂ ಒಂದು ಕಲ್ಲು, ಒಂದು ಓಲೆ, ಇಲ್ಲವೇ ಒಂದು ತಾಮ್ರಪಟದ ಮುಂದೆ ನಿಲ್ಲಿಸಿ, ಗಟ್ಟಿಯಾಗಿ ಓದಿ ಎನ್ನಬೇಕು. ತಡವರಿಸಲಿ, ಚಿಂತೆಯಿಲ್ಲ. ಓದಲೇ ಬಾರದಿದ್ದರೆ ಆ ಅಭ್ಯರ್ಥಿಗೆ ಬೀಗದ ಕೈ ಕೊಡಬಹುದು, ಪದವಿ ಕೊಡಲಾಗದು.